ತೊಗರಿ ದುಡ್ಡು ಬಂದಾಗ: ಫಂಡಿಗೋ, ಮಾಳಿಗೆಗೋ, ಅಡುಗೆಮನೆಗೋ?

ಎಳ್ಳಮಾವಾಸ್ಯೆ ಕಳೆದು ತೊಗರಿ ಮಾರಿದ ಮೇಲೆ ಪ್ರತಿ ವರ್ಷ ನಮ್ಮ ಮನೆಯಲ್ಲಿ ಒಂದೇ ಮಾತುಕತೆ. ಊರಲ್ಲಿ ಮಾವನವರ ಹೊಲ ಇದೆ, ನಾಲ್ಕು ಎಕರೆ. ಬೀಜ, ಗೊಬ್ಬರ, ಔಷಧಿ, ಆಳಿನ ಕೂಲಿ ಎಲ್ಲ ಕಳೆದು ಈ ಸಲ ನಮ್ಮ ಪಾಲಿಗೆ ಉಳಿದದ್ದು 90,000 ರೂಪಾಯಿ. ನಮ್ಮ ಮನೆಯವರಿಗೆ ಅದು ಮ್ಯೂಚುವಲ್ ಫಂಡಿಗೆ ಹೋಗಬೇಕು. ಅತ್ತೆಗೆ ಮಾಳಿಗೆ, ಅಂದರೆ ಮನೆಯ ಮೇಲಿನ ತಾರಸಿ, ರಿಪೇರಿ ಆಗಬೇಕು. ನನಗೆ ಅಡುಗೆಮನೆಯ ಕಟ್ಟೆ ಸರಿಯಾಗಬೇಕು. ಮಗಳು ಈ ಬೇಸಿಗೆಗಾದರೂ ಎಸಿ ಬರುತ್ತೆ ಅಂತ ಕಾಯುತ್ತಿದ್ದಾಳೆ.

ಕಲಬುರಗಿಯಲ್ಲಿ ಇಂಥ ಮನೆಗಳು ಬಹಳ. ಮನೆಯಲ್ಲಿ ಒಬ್ಬರಿಗೆ ಸಂಬಳ, ಊರಲ್ಲಿ ಸ್ವಲ್ಪ ಹೊಲ, ತಲೆ ಮೇಲೆ ಒಂದು ಮನೆ ಸಾಲ. ಯಾವ ಫಂಡು ಒಳ್ಳೆಯದು ಅಂತ ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ. ಮಾಳಿಗೆಗೆ ಯಾವ ಪೇಂಟು ಅಂತ ಹೇಳುವವರೂ ಸಿಗುತ್ತಾರೆ. ಆದರೆ ಅದೇ ದುಡ್ಡು ಫಂಡಿಗೆ ಹೋಗಬೇಕಾ, ಮಾಳಿಗೆಗೆ ಹೋಗಬೇಕಾ ಅನ್ನುವ ಲೆಕ್ಕವನ್ನು ಮನೆ ನಡೆಸುವವರೇ ಹಾಕಬೇಕು. ನಾನು ಕೆಲವು ವರ್ಷದಿಂದ ಆ ಲೆಕ್ಕ ಬರೆದಿಡುತ್ತಾ ಬಂದಿದ್ದೇನೆ. ಅದನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ.

ನಾನು ಯಾವುದೇ ಆಯ್ಕೆಗೆ ಮೊದಲು ಕೇಳುವ ಪ್ರಶ್ನೆ ಬಡ್ಡಿ ಎಷ್ಟು ಅಂತಲ್ಲ. ಈ ದುಡ್ಡು ಮನೆಯಿಂದ ಎಷ್ಟು ಹೊತ್ತು ಕೇಳುತ್ತೆ ಅಂತ. ಎರಡನೆಯದು, ಬೇಕಾದಾಗ ವಾಪಸ್ ಬರುತ್ತಾ ಅಂತ. ಬಡ್ಡಿಯ ಸರದಿ ಆಮೇಲೆ. ಈ ಕ್ರಮ ಯಾಕೆ ಅನ್ನುವುದಕ್ಕೆ ನನ್ನದೇ ಒಂದು ಅನುಭವ ಇದೆ.

ದಿನದ ಟ್ರೇಡಿಂಗೋ, ತಿಂಗಳ ಎಸ್‌ಐಪಿಯೋ

2021ರಲ್ಲಿ ನಾನು ಫೋನಿನಲ್ಲಿ ಷೇರು ಟ್ರೇಡಿಂಗ್ ಶುರು ಮಾಡಿದೆ. ಲಾಕ್‌ಡೌನ್ ದಿನಗಳು. ಹೊಲಿಗೆ ಕೆಲಸ ಬಹಳ ಕಮ್ಮಿಯಾಗಿತ್ತು. ಮನೆಯಲ್ಲೇ ಕೂತು ದಿನಕ್ಕೆ ಮುನ್ನೂರು ನಾನೂರು ಬಂದರೂ ಸಾಕು ಅಂತ ಅನಿಸಿತ್ತು.

ಷೇರುಪೇಟೆ ತೆರೆಯುವುದು ಬೆಳಿಗ್ಗೆ 9:15ಕ್ಕೆ, ಮುಚ್ಚುವುದು ಮಧ್ಯಾಹ್ನ 3:30ಕ್ಕೆ. ನಮ್ಮ ಮನೆಯಲ್ಲಿ ಹಂಚು ಕಾಯುವುದೂ ಒಂಬತ್ತಕ್ಕೇ. ಮನೆಯವರು ಹತ್ತಕ್ಕೆ ಹೊರಡಬೇಕು, ಡಬ್ಬಿಗೆ ರೊಟ್ಟಿ ಪಲ್ಯ ಆಗಬೇಕು. ಹಿಟ್ಟಿನ ಡಬ್ಬಕ್ಕೆ ಫೋನ್ ಒರಗಿಸಿಟ್ಟು ರೊಟ್ಟಿ ಬಡಿಯುತ್ತಿದ್ದೆ. ಜೋಳದ ರೊಟ್ಟಿ ಬಡಿಯುವವರಿಗೆ ಗೊತ್ತು, ಅದರಲ್ಲಿ ಕಣ್ಣಿಗಿಂತ ಕೈಗೆ ಕೆಲಸ ಜಾಸ್ತಿ. ಅಂಚು ತೆಳುವಾಯಿತಾ, ಎಲ್ಲಾದರೂ ಬಿರುಕು ಬಿತ್ತಾ ಅಂತ ಅಂಗೈಗೇ ತಿಳಿಯುತ್ತೆ. ಹಂಚಿಗೆ ಹಾಕಿ, ಒದ್ದೆ ಬಟ್ಟೆಯಿಂದ ನೀರು ಸವರಿ, ನೀರು ಆರುವ ಹೊತ್ತಿಗೆ ಸರಿಯಾಗಿ ಮಗುಚಬೇಕು. ಆ ಅರ್ಧ ನಿಮಿಷ ಫೋನ್ ಕಡೆ ನೋಡಿದರೆ ರೊಟ್ಟಿ ಹೋಯಿತು. “ರೊಟ್ಟಿ ಸುಡ್ಲತ್ತದ ನೋಡವ್ವಾ” ಅಂತ ಅತ್ತೆ ಹೊರಗಿನಿಂದ ಕೂಗುತ್ತಿದ್ದರು. ನಾನು ಹಿಟ್ಟಿನ ಕೈಯಲ್ಲೇ ಷೇರು ಮಾರುತ್ತಿದ್ದೆ.

ಎಂಟು ತಿಂಗಳಲ್ಲಿ 23,000 ಹೋಯಿತು. ದುಡ್ಡು ಹೋದದ್ದಕ್ಕಿಂತ ಆ ಎಂಟು ತಿಂಗಳು ಮನೆಯಲ್ಲಿದ್ದೂ ಮನೆಯಲ್ಲಿ ಇಲ್ಲದ ಹಾಗಿದ್ದೆನಲ್ಲ, ಅದು ನನ್ನನ್ನು ಜಾಸ್ತಿ ನೋಯಿಸಿತು. ಮಗಳು ಲೆಕ್ಕ ಕೇಳಲು ಬಂದರೆ “ಒಂದು ನಿಮಿಷ ತಡಿ” ಅನ್ನುತ್ತಿದ್ದೆ. ಆ ಒಂದು ನಿಮಿಷ 3:30ರ ತನಕ ಮುಗಿಯುತ್ತಿರಲಿಲ್ಲ.

ಇದು ನನ್ನೊಬ್ಬಳ ಕಥೆಯಲ್ಲ. ಷೇರಿನ ಮುಂದಿನ ಬೆಲೆಯ ಮೇಲೆ ಪಂದ್ಯ ಕಟ್ಟುವ ಹಾಗಿರುವ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವ್ಯವಹಾರದ ಬಗ್ಗೆ ಷೇರುಪೇಟೆ ನಿಯಂತ್ರಕ ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಒಂದು ಅಧ್ಯಯನ ಹೊರತಂದಿತು. 2021-22ರಿಂದ 2023-24ರ ತನಕದ ಮೂರು ವರ್ಷದಲ್ಲಿ 100 ಜನ ಸಾಮಾನ್ಯ ಹೂಡಿಕೆದಾರರಲ್ಲಿ 93 ಜನ ದುಡ್ಡು ಕಳೆದುಕೊಂಡಿದ್ದರು. ಒಬ್ಬೊಬ್ಬರಿಗೆ ಸರಾಸರಿ ಸುಮಾರು 2 ಲಕ್ಷ ನಷ್ಟ. ಎಲ್ಲರದೂ ಸೇರಿಸಿದರೆ 1.8 ಲಕ್ಷ ಕೋಟಿಗೂ ಮೇಲೆ. ಅವರಲ್ಲಿ ಎಷ್ಟು ಮನೆಗಳ ಫೀಸು, ಎಷ್ಟು ಮನೆಗಳ ಮಾಳಿಗೆ ಹೋಯಿತೋ.

ಈಗ ತಿಂಗಳ ಎಸ್‌ಐಪಿ ನೋಡಿ, ಅಂದರೆ ಮ್ಯೂಚುವಲ್ ಫಂಡಿಗೆ ತಿಂಗಳು ತಿಂಗಳು ಕಟ್ಟುವ ಕಂತು. 5ನೇ ತಾರೀಖು ಖಾತೆಯಿಂದ ತಾನೇ ಕಟ್ ಆಗುತ್ತೆ. ನನ್ನಿಂದ ಅದು ಕೇಳುವ ಹೊತ್ತು ವರ್ಷಕ್ಕೆ ಒಂದು ಗಂಟೆ ಇರಬಹುದು. ತಿಂಗಳಿಗೆ 5,000ದ ಹಾಗೆ 15 ವರ್ಷ ಹಾಕಿದರೆ ನಾವು ಕಟ್ಟಿದ್ದು 9 ಲಕ್ಷ. ವರ್ಷಕ್ಕೆ ಶೇ 12ರಂತೆ ಬೆಳೆದರೆ ಸುಮಾರು 25 ಲಕ್ಷ. ಈ “ಬೆಳೆದರೆ” ಅನ್ನುವ ಮಾತನ್ನು ಮರೆಯಬಾರದು. 2020ರ ಜನವರಿಯಲ್ಲಿ 12,000 ದಾಟಿದ್ದ ಷೇರುಪೇಟೆಯ ಸೂಚ್ಯಂಕ ನಿಫ್ಟಿ ಮಾರ್ಚ್ 23ಕ್ಕೆ 7,600ರ ಆಸುಪಾಸಿಗೆ ಬಿದ್ದಿತ್ತು. ಎರಡೇ ತಿಂಗಳಲ್ಲಿ ಮೂರನೇ ಒಂದು ಪಾಲಿಗಿಂತ ಜಾಸ್ತಿ. ಮುಂದೆ ಏರಿತು ಅನ್ನುವುದು ನಿಜ. ಆದರೆ ಆ ಏಪ್ರಿಲ್‌ನಲ್ಲೇ ಕಾಲೇಜಿನ ಫೀಸು ಕಟ್ಟಬೇಕಿದ್ದವರಿಗೆ ಅದರಿಂದ ಏನು ಉಪಯೋಗ? ಐದಾರು ವರ್ಷ ಮುಟ್ಟಬೇಕಾಗಿಲ್ಲದ ದುಡ್ಡಷ್ಟೇ ಅಲ್ಲಿಗೆ ಹೋಗಲಿ.

ಪಿಪಿಎಫ್, ಸುಕನ್ಯಾ, ಮತ್ತು ಪರಿಚಯದವರ ಸಂಘ

ಏರಿಳಿತ ನೋಡಿ ನಿದ್ದೆ ಹೋಗದವರಿಗೆ ಅಂಚೆ ಕಚೇರಿ ಇದೆ. ಅಲ್ಲಿನ 15 ವರ್ಷದ ಸರ್ಕಾರಿ ಉಳಿತಾಯ ಖಾತೆ ಪಿಪಿಎಫ್‌ನ ಬಡ್ಡಿ 2020ರ ಏಪ್ರಿಲ್‌ನಲ್ಲಿ ಶೇ 7.1ಕ್ಕೆ ಇಳಿದದ್ದು ಆಮೇಲೆ ವರ್ಷಗಟ್ಟಲೆ ಅಲ್ಲೇ ನಿಂತಿದೆ. ಅದೇ ತಿಂಗಳಿಗೆ 5,000 ಇಲ್ಲಿ ಹಾಕಿದರೆ 15 ವರ್ಷಕ್ಕೆ 15.8 ಲಕ್ಷದಷ್ಟಾಗುತ್ತೆ, ಅದಕ್ಕೆ ತೆರಿಗೆ ಇಲ್ಲ. 25 ಲಕ್ಷ ಎಲ್ಲಿ, 15.8 ಲಕ್ಷ ಎಲ್ಲಿ ಅಂತ ಅನಿಸಬಹುದು. ಮೊದಲನೆಯದು ಆಸೆಯ ಲೆಕ್ಕ, ಎರಡನೆಯದು ಹೆಚ್ಚುಕಡಿಮೆ ಬರುವ ಲೆಕ್ಕ. ಇದರಲ್ಲಿ ಗೊತ್ತಿರಬೇಕಾದ ಒಂದು ವಿಷಯ: ತಿಂಗಳ 5ನೇ ತಾರೀಖಿನಿಂದ ಕೊನೆಯ ದಿನದ ತನಕ ಖಾತೆಯಲ್ಲಿದ್ದ ಅತಿ ಕಮ್ಮಿ ಮೊತ್ತಕ್ಕೆ ಬಡ್ಡಿ ಲೆಕ್ಕ ಹಾಕುತ್ತಾರೆ. 6ಕ್ಕೆ ಕಟ್ಟಿದರೆ ಆ ತಿಂಗಳಿಗೆ ಆ ದುಡ್ಡಿನ ಬಡ್ಡಿ ಇಲ್ಲ.

ಹತ್ತು ವರ್ಷ ತುಂಬದ ಹೆಣ್ಣುಮಗು ಮನೆಯಲ್ಲಿದ್ದರೆ ಯೋಚನೆ ಬೇಡ, ಸುಕನ್ಯಾ ಸಮೃದ್ಧಿ ಖಾತೆ ತೆರೆಯಿರಿ. 2024ರ ಜನವರಿಯಿಂದ ಶೇ 8.2 ಬಡ್ಡಿ ಕೊಡುತ್ತಿದ್ದಾರೆ. ವರ್ಷಕ್ಕೆ 250ರಿಂದ 1.5 ಲಕ್ಷದ ತನಕ ಕಟ್ಟಬಹುದು. ಕಟ್ಟುವುದು 15 ವರ್ಷ, ಖಾತೆ ಪಕ್ವವಾಗುವುದು ತೆರೆದ 21 ವರ್ಷಕ್ಕೆ. ಹತ್ತನೇ ತರಗತಿ ಪಾಸಾದ ಮೇಲೆ ಅಥವಾ 18 ತುಂಬಿದ ಮೇಲೆ ಓದಿಗಾಗಿ ಅರ್ಧದ ತನಕ ತೆಗೆಯಬಹುದು. ಸರ್ಕಾರ ಈ ಬಡ್ಡಿಗಳನ್ನು ಮೂರು ತಿಂಗಳಿಗೊಮ್ಮೆ ಪರಿಶೀಲಿಸುತ್ತದೆ, ಕಟ್ಟುವ ಮುಂಚೆ ಒಮ್ಮೆ ಕೇಳಿಕೊಳ್ಳಿ. ನನ್ನ ಹೊಲಿಗೆ ದುಡ್ಡಿನಲ್ಲಿ ತಿಂಗಳಿಗೆ 1,000 ಅಲ್ಲಿಗೇ ಹೋಗುತ್ತೆ.

ಇನ್ನು ಪರಿಚಯದವರು ನಡೆಸುವ ಸಂಘಗಳ ವಿಷಯ. ಬ್ಯಾಂಕಿಗಿಂತ ವರ್ಷಕ್ಕೆ ನೂರಕ್ಕೆ ಎರಡು ಮೂರು ರೂಪಾಯಿ ಬಡ್ಡಿ ಜಾಸ್ತಿ, ಮನೆಗೇ ಬಂದು ದುಡ್ಡು ತೆಗೆದುಕೊಂಡು ಹೋಗುತ್ತಾರೆ, “ನಮ್ಮವರೇ ಅಲ್ವಾ” ಅನ್ನುವ ಧೈರ್ಯ ಬೇರೆ. ನಮ್ಮ ಮಾವನವರು ನಿವೃತ್ತಿಯ ಮೇಲೆ ಬಂದ ದುಡ್ಡಿನಲ್ಲಿ ಒಂದಿಷ್ಟು ಅಂಥ ಒಂದು ಪತ್ತಿನ ಸಂಘದಲ್ಲಿ ಇಟ್ಟಿದ್ದರು. ಒಂದು ದಿನ ಬಾಗಿಲು ಮುಚ್ಚಿತು. ಪಾಸ್‌ಬುಕ್ ಈಗಲೂ ಮನೆಯ ಟ್ರಂಕಿನಲ್ಲಿದೆ, ಸೀರೆಗಳ ಕೆಳಗೆ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಇಟ್ಟಿದ್ದಾರೆ. ಅದನ್ನು ನೋಡಿದಾಗಲೆಲ್ಲ ಹೊಟ್ಟೆಯಲ್ಲಿ ಸಂಕಟ ಆಗುತ್ತೆ.

ಅವತ್ತು ನಮಗೆ ಗೊತ್ತಿರದ ವ್ಯತ್ಯಾಸ ಇದು. ಬ್ಯಾಂಕಿನಲ್ಲಿಟ್ಟ ಠೇವಣಿಗೆ ವಿಮೆ ಇದೆ. 2020ರ ಫೆಬ್ರವರಿಯಿಂದ ಒಂದು ಬ್ಯಾಂಕಿನಲ್ಲಿ ಒಬ್ಬರ ಹೆಸರಿಗೆ ಅಸಲು ಬಡ್ಡಿ ಸೇರಿ 5 ಲಕ್ಷದ ತನಕ. ಸಹಕಾರಿ ಬ್ಯಾಂಕುಗಳಿಗೂ ಇದು ಅನ್ವಯ. ಆದರೆ ಪತ್ತಿನ ಸಹಕಾರ ಸಂಘಗಳು ಬ್ಯಾಂಕ್ ಅಲ್ಲ, ಅವುಗಳಿಗೆ ಈ ವಿಮೆ ಇಲ್ಲ. ಹೆಸರಿನ ಹಲಗೆ ನೋಡಿ ಮೋಸ ಹೋಗಬೇಡಿ. ಠೇವಣಿ ವಿಮೆ ಇದೆಯಾ ಅಂತ ಬಾಯಿಬಿಟ್ಟು ಕೇಳಿ. ಓಣಿಯ ಹೆಣ್ಣುಮಕ್ಕಳು ಸೇರಿ ಹಾಕುವ ಚೀಟಿಯನ್ನು ನಾನು ಬೇಡ ಅನ್ನುವುದಿಲ್ಲ. ಆದರೆ ಎತ್ತಿದ ಮೇಲೂ ಕಟ್ಟುತ್ತಾರೆ ಅನ್ನುವ ನಂಬಿಕೆಯ ಮೇಲಷ್ಟೇ ಅದು ನಡೆಯುವುದು. ಹೋದರೂ ಮನೆ ನಡೆಯುತ್ತೆ ಅನ್ನುವಷ್ಟನ್ನೇ ಅದಕ್ಕೆ ಹಾಕಿ.

ಮಾಳಿಗೆ: ಇಲ್ಲಿ ನಿಧಾನ ಮಾಡಿದರೆ ಬಡ್ಡಿ ನಾವೇ ಕಟ್ಟಬೇಕು

ಕಲಬುರಗಿಯ ಬೇಸಿಗೆಯನ್ನು ಬೇರೆ ಊರಿನವರಿಗೆ ಹೇಳಿ ತಿಳಿಸುವುದು ಕಷ್ಟ. ಏಪ್ರಿಲ್, ಮೇ ತಿಂಗಳಲ್ಲಿ 42, 43 ಡಿಗ್ರಿ ಮಾಮೂಲಿ. ನಮ್ಮ ಭಾಗದ ಸರ್ಕಾರಿ ಕಚೇರಿಗಳೇ ಆ ಎರಡು ತಿಂಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1:30ಕ್ಕೆ ಮುಚ್ಚುತ್ತವೆ. ಹೋದ ವರ್ಷ ಮೇ ತಿಂಗಳ ಒಂದು ರಾತ್ರಿ ಹನ್ನೊಂದು ಗಂಟೆಗೆ ಕರೆಂಟ್ ಹೋಗಿತ್ತು. ಅಟ್ಟದ ಮೇಲಿನ ಚಾಪೆ ತೆಗೆಯಲು ಏಣಿ ಹತ್ತಿದೆ. ಸ್ಲ್ಯಾಬಿಗೆ ಅಂಗೈ ತಾಗಿತು. ಆಗಷ್ಟೇ ಹಂಚಿನಿಂದ ಇಳಿಸಿ ಬುಟ್ಟಿಗೆ ಹಾಕಿದ ರೊಟ್ಟಿ ಮುಟ್ಟಿದ ಹಾಗಿತ್ತು. ಸೂರ್ಯ ಮುಳುಗಿ ನಾಲ್ಕು ತಾಸಾಗಿತ್ತು. ಹಗಲೆಲ್ಲ ಕುಡಿದ ಬಿಸಿಲನ್ನು ಸಿಮೆಂಟು ರಾತ್ರಿಯೆಲ್ಲ ನಮ್ಮ ಮೇಲೆ ಬಿಡುತ್ತೆ. ಕೆಳಗೆ ನೆಲದ ಶಹಾಬಾದ್ ಪರಸಿ ಕಲ್ಲು ತಣ್ಣಗೆ, ಮೇಲೆ ಸ್ಲ್ಯಾಬ್ ಬಿಸಿ. ಆ ರಾತ್ರಿ ಎಲ್ಲರೂ ಮಂಚ ಬಿಟ್ಟು ನೆಲದ ಮೇಲೆ ಮಲಗಿದೆವು.

ಇದಕ್ಕೆ ಇರುವ ಆಯ್ಕೆಗಳನ್ನು ಒಂದೊಂದಾಗಿ ನೋಡೋಣ.

ಎಲ್ಲಕ್ಕಿಂತ ಅಗ್ಗ ಸುಣ್ಣ. ಅಂಟು ಬೆರೆಸಿ ಎರಡು ಮೂರು ಕೋಟು ಬಳಿದರೆ ಬಿಸಿಲು ಅಲ್ಲೇ ವಾಪಸ್ ಹೋಗುತ್ತೆ. ಮಳೆಗಾಲದಲ್ಲಿ ತೊಳೆದುಹೋಗುತ್ತೆ, ಮುಂದಿನ ಮಾರ್ಚ್‌ಗೆ ಮತ್ತೆ ಬಳಿಯಬೇಕು. ಬಾಡಿಗೆ ಮನೆಯವರಿಗೆ ಇದೇ ಸರಿ. ಸ್ವಂತ ಮನೆಯಾದರೆ ಬಿಸಿಲು ತಡೆಯುವ ಬಿಳಿ ಪೇಂಟ್ ಒಳ್ಳೆಯದು. ನಮ್ಮ 700 ಚದರಡಿಗೆ ಕೂಲಿ ಸೇರಿ 14,000 ಅಂತ ಹೇಳಿದರು. ನೀರೂ ತಡೆಯುವಂಥದ್ದು ಕೇಳಿ ತೆಗೆದುಕೊಳ್ಳಿ. ಪಕ್ಕದ ತೆಲಂಗಾಣ ಸರ್ಕಾರ 2023ರಲ್ಲಿ ಇಂಥ ತಂಪು ಮಾಳಿಗೆಗಳಿಗೇ ಒಂದು ನೀತಿ ತಂದಿದೆ. ಅವರದೂ ನಮ್ಮದೂ ಒಂದೇ ಬಿಸಿಲು. ಪಿಒಪಿ ಫಾಲ್ಸ್ ಸೀಲಿಂಗ್ ನನಗೆ ಒಪ್ಪಿಗೆಯಿಲ್ಲ. ಕೆಳಗೆ ಸ್ವಲ್ಪ ತಂಪಾಗುತ್ತೆ, ಆದರೆ ಸ್ಲ್ಯಾಬ್ ಮಾತ್ರ ಕಾಯುತ್ತಲೇ ಇರುತ್ತೆ. ಮೇಲಾಗಿ ಸೋರಿಕೆ ಇದ್ದರೆ ಕಣ್ಣಿಗೆ ಬೀಳುವುದಿಲ್ಲ.

ಸೋರಿಕೆಯ ಮಾತು ಬಂತು, ಅದನ್ನು ಹೇಳಲೇಬೇಕು. ಫಂಡಿನಲ್ಲಿ ದುಡ್ಡು ಒಂದು ವರ್ಷ ತಡವಾಗಿ ಹಾಕಿದರೆ ಒಂದು ವರ್ಷದ ಲಾಭ ಹೋಗುತ್ತೆ, ಅಷ್ಟೇ. ಮಾಳಿಗೆಯ ಬಿರುಕು ಹಾಗಲ್ಲ. ನೀರು ಇಳಿದು ಒಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿದರೆ ಕಬ್ಬಿಣ ಉಬ್ಬುತ್ತೆ. ಉಬ್ಬಿದ ಕಬ್ಬಿಣ ಸಿಮೆಂಟನ್ನು ಒಡೆಯುತ್ತೆ. ಒಡೆದ ಕಡೆ ಇನ್ನೂ ಜಾಸ್ತಿ ನೀರು. ಇವತ್ತು 12,000ದಲ್ಲಿ ಮುಗಿಯುವ ಬಿರುಕು ನಾಲ್ಕು ಮಳೆಗಾಲ ಬಿಟ್ಟರೆ ಎಷ್ಟಕ್ಕೆ ನಿಲ್ಲುತ್ತೆ ಅಂತ ಯಾವ ಮೇಸ್ತ್ರಿಯೂ ಹೇಳುವುದಿಲ್ಲ. ಅದಕ್ಕೇ ನನ್ನ ಮಾತು ಸ್ಪಷ್ಟ: ಸೋರುವ ಮಾಳಿಗೆ ಇದ್ದರೆ ಮೊದಲು ಅದು, ಆಮೇಲೆ ಫಂಡು. ಅತ್ತೆ ಇದನ್ನು ಮೊದಲಿನಿಂದ ಹೇಳುತ್ತಾ ಬಂದಿದ್ದರು. ಅವರು ಹೇಳಿದ್ದೇ ಸರಿ.

ಎಸಿಯೋ, ಕೂಲರೋ, ಫ್ಯಾನೋ

ಇಲ್ಲಿ ರಾಜ್ಯ ಸರ್ಕಾರದ ಉಚಿತ ಕರೆಂಟ್ ಯೋಜನೆ ಗೃಹಜ್ಯೋತಿಯ ಲೆಕ್ಕ ಗೊತ್ತಿಲ್ಲದೆ ಆಯ್ಕೆ ಮಾಡಬೇಡಿ. 2022-23ರ ಸರಾಸರಿ ಬಳಕೆ ನೋಡಿ, ಅದಕ್ಕೆ ಸ್ವಲ್ಪ ಸೇರಿಸಿ ಪ್ರತಿ ಮನೆಗೂ ಒಂದು ಅರ್ಹತೆ ಕೊಟ್ಟಿದ್ದಾರೆ. ಅದರೊಳಗೆ ಇದ್ದರೆ ಬಿಲ್ ಸೊನ್ನೆ. ಅರ್ಹತೆ ದಾಟಿ 200 ಯೂನಿಟ್ ಒಳಗಿದ್ದರೆ ದಾಟಿದ್ದಕ್ಕಷ್ಟೇ ದುಡ್ಡು. 200 ದಾಟಿತೋ, ಪೂರ್ತಿ ಬಿಲ್ ನಮ್ಮದೇ.

ನಮ್ಮ ಅರ್ಹತೆ 165. ಉಳಿದ ತಿಂಗಳೆಲ್ಲ ಅದರೊಳಗೇ ಇರುತ್ತೇವೆ. ಮಾರ್ಚ್‌ನಿಂದ ಮೇ ತನಕ ಮಾತ್ರ ಕೂಲರ್, ನಾಲ್ಕು ಫ್ಯಾನ್ ಎಲ್ಲ ಸೇರಿ 225 ಆಗುತ್ತೆ. ಯೂನಿಟ್‌ಗೆ ಹೆಚ್ಚುಕಡಿಮೆ 6 ರೂಪಾಯಿ ಹಿಡಿದರೆ 1,350, ಅದರ ಮೇಲೆ ನಿಗದಿತ ಶುಲ್ಕ ಬೇರೆ. ಮೂರು ತಿಂಗಳಿಗೆ 4,000 ದಾಟುತ್ತೆ.

ಹಳೆಯ ಫ್ಯಾನ್ 75 ವ್ಯಾಟ್ ಎಳೆಯುತ್ತೆ. ಹೊಸ ಬಿಎಲ್‌ಡಿಸಿ ಫ್ಯಾನ್ 30ರ ಹತ್ತಿರ. ನಾಲ್ಕು ಫ್ಯಾನ್ ದಿನಕ್ಕೆ 12 ತಾಸು ತಿರುಗಿದರೆ ತಿಂಗಳಿಗೆ 65 ಯೂನಿಟ್ ಉಳಿಯುತ್ತೆ. 225ರಲ್ಲಿ 65 ಕಳೆದರೆ 160. ನಮ್ಮ ಅರ್ಹತೆಯ ಒಳಗೆ ಬಂತು. ಬಿಲ್ ಸೊನ್ನೆ! ಫ್ಯಾನಿಗೆ 3,000ದಂತೆ 12,000 ಹಾಕಿದರೆ ಮೂರು ಬೇಸಿಗೆಯಲ್ಲಿ ದುಡ್ಡು ವಾಪಸ್. ಅಂದರೆ ಹಾಕಿದ ದುಡ್ಡಿಗೆ ವರ್ಷಕ್ಕೆ ಶೇ 33ರ ಉಳಿತಾಯ, ತೆರಿಗೆಯೂ ಇಲ್ಲ. ಇಷ್ಟು ಕೊಡುವ ಫಂಡು ಯಾವುದಿದೆ? ಆದರೆ ಬೇಸಿಗೆಯಲ್ಲೂ ಅರ್ಹತೆಯೊಳಗೇ ಇರುವ ಮನೆಗೆ ಇದೇ ಫ್ಯಾನ್‌ನಿಂದ ಒಂದು ರೂಪಾಯಿಯೂ ಉಳಿಯುವುದಿಲ್ಲ. ಅವರು ಹಳೆಯ ಫ್ಯಾನ್ ಕೆಟ್ಟಾಗ ಬದಲಿಸಿದರೆ ಸಾಕು. ಹಳೆಯ ಬಿಲ್‌ಗಳನ್ನು ತೆಗೆದು ನೋಡಿದರೆ ಹತ್ತು ನಿಮಿಷದಲ್ಲಿ ನಿಮ್ಮದು ಯಾವ ಮನೆ ಅಂತ ತಿಳಿಯುತ್ತೆ.

ಎಸಿ ವಿಷಯ ಮಗಳಿಗೆ ಕೂರಿಸಿಕೊಂಡು ಹೇಳಿದೆ. ಒಂದೂವರೆ ಟನ್ ಎಸಿ ರಾತ್ರಿ ಏಳು ತಾಸು ನಡೆದರೆ ಅದೊಂದೇ ತಿಂಗಳಿಗೆ 200 ಯೂನಿಟ್ ತಿನ್ನುತ್ತೆ. ಕೂಲರ್ ಎಂಟು ತಾಸು ನಡೆದರೂ 40ರಿಂದ 50. ನಮ್ಮದು ಒಣ ಬಿಸಿಲು, ಕೂಲರ್ ಇಲ್ಲಿ ಚೆನ್ನಾಗಿ ಕೆಲಸ ಮಾಡುತ್ತೆ. ಜೂನ್‌ನಲ್ಲಿ ಗಾಳಿಗೆ ತೇವ ಬಂದ ಮೇಲೆ ಅದರ ಆಟ ಮುಗಿಯಿತು. ಇನ್ನೊಂದು, ಕೂಲರ್‌ಗೆ ನೀರು ಬೇಕು. ಬೇಸಿಗೆಯಲ್ಲಿ ನಾಲ್ಕೈದು ದಿನಕ್ಕೊಮ್ಮೆ ನಲ್ಲಿ ಬರುವ ಓಣಿಯವರು ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮನೆಯಲ್ಲಿ ಉಸಿರಾಟದ ತೊಂದರೆ ಇರುವ ಹಿರಿಯರೋ ಎಳೆ ಕೂಸೋ ಇದ್ದರೆ ಈ ಲೆಕ್ಕವೆಲ್ಲ ಪಕ್ಕಕ್ಕಿಡಿ. ಡಾಕ್ಟರ್ ಏನು ಹೇಳುತ್ತಾರೋ ಹಾಗೆ ಮಾಡಿ.

ಸೋಲಾರ್ ಹಾಕಿಸಿ ಅಂತ ಹೇಳುವವರು ಬಹಳ. ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 1 ಕಿಲೋವ್ಯಾಟ್‌ಗೆ 30,000, 2ಕ್ಕೆ 60,000, 3 ಮತ್ತು ಅದಕ್ಕೂ ಮೇಲಕ್ಕೆ 78,000 ಸಬ್ಸಿಡಿ ಇದೆ. ಒಳ್ಳೆಯ ಯೋಜನೆಯೇ. ತಿಂಗಳಿಗೆ 350, 400 ಯೂನಿಟ್ ಸುಡುವ ಮನೆಗೆ ಹೇಳಿ ಮಾಡಿಸಿದ ಹಾಗಿದೆ. ಆದರೆ ಬಿಲ್ ಈಗಾಗಲೇ ಸೊನ್ನೆ ಬರುತ್ತಿದ್ದರೆ ಅದರಿಂದ ಏನು ಉಳಿಸುತ್ತೀರಿ? ಅಂಥವರು ಸಾಲ ಮಾಡಿ ಸೋಲಾರ್ ಹಾಕಿಸುವುದು ಬೇಡ ಅಂತ ನನ್ನ ಅಭಿಪ್ರಾಯ.

ಅಡುಗೆಮನೆಯ ಹೂಡಿಕೆ

ವರ್ಷದ ಜೋಳ ಒಮ್ಮೆಗೇ ತುಂಬಿಸಿಡುವುದು ನಮ್ಮ ಹಿರಿಯರ ರೂಢಿ. ಹಗೇವಿನಲ್ಲಿ, ಅಂದರೆ ನೆಲದೊಳಗಿನ ಕಾಳಿನ ಗುಂಡಿಯಲ್ಲಿ, ಜೋಳ ಇಡುತ್ತಿದ್ದ ಕಾಲವನ್ನು ಅತ್ತೆ ಈಗಲೂ ನೆನೆಸುತ್ತಾರೆ. ಫೆಬ್ರವರಿ, ಮಾರ್ಚ್‌ನಲ್ಲಿ ಹೊಸ ಬಿಳಿಜೋಳ ಬಂದಾಗ ಊರಿನ ಕಡೆಯಿಂದ ಎರಡೂವರೆ ಕ್ವಿಂಟಾಲ್ ತರಿಸಿದರೆ ನಮಗೆ 11,000 ಬೀಳುತ್ತೆ. ಅದನ್ನೇ ತಿಂಗಳಿಗೆ 20 ಕಿಲೋದಂತೆ ಅಂಗಡಿಯಲ್ಲಿ ತಂದರೆ ವರ್ಷಕ್ಕೆ 13,500ರ ಹತ್ತಿರ ಹೋಗುತ್ತೆ. ಇದು ನಮ್ಮ ಮನೆಯ ಲೆಕ್ಕ. ನಿಮ್ಮ ಕಿರಾಣಿ ಚೀಟಿ ನೋಡಿ ನಿಮ್ಮದನ್ನು ಹಾಕಿಕೊಳ್ಳಿ. ಹಾಕಿದ ದುಡ್ಡಿಗೆ ಶೇ 20ಕ್ಕಿಂತ ಜಾಸ್ತಿ ಉಳಿತಾಯ, ಆದರೆ ಕಾಳಿಗೆ ನುಸಿ ಹತ್ತದಿದ್ದರೆ ಮಾತ್ರ. ಎರಡು ದಿನ ಬಿಸಿಲಿಗೆ ಒಣಗಿಸಿ, ಪೂರ್ತಿ ತಣ್ಣಗಾದ ಮೇಲೆ ಡಬ್ಬಕ್ಕೆ ತುಂಬಿ, ನಡುನಡುವೆ ಒಣ ಬೇವಿನ ಎಲೆ ಹಾಕಿ. ತೊಗರಿ ಬೇಳೆಗೆ ಅಂಗೈಯಲ್ಲಿ ಔಡಲೆಣ್ಣೆ ಸವರಿ ತಿಕ್ಕಿಡಿ. 2019ರಲ್ಲಿ ಭೌಗೋಳಿಕ ಗುರುತು ಪಡೆದ ತೊಗರಿ ನಮ್ಮದು, ಅದನ್ನು ನುಸಿಗೆ ಕೊಡಬಾರದು. ಕಾಳಾಗಿ ಇಡಿ, ಹಿಟ್ಟಾಗಿ ಇಡಬೇಡಿ. ಜೋಳದ ಹಿಟ್ಟು ಹಳೆಯದಾದರೆ ಜಿಗಿ ಹೋಗುತ್ತೆ, ಬಡಿಯುವಾಗ ರೊಟ್ಟಿ ಹರಿಯುತ್ತೆ. ಒಂದು ವಾರಕ್ಕೆ ಆಗುವಷ್ಟೇ ಗಿರಣಿಗೆ ಕೊಡಿ.

ರೊಟ್ಟಿ ಮನೆಯಲ್ಲೋ, ಹೊರಗಿನಿಂದಲೋ? ಇದನ್ನೂ ಹೊತ್ತಿನ ಲೆಕ್ಕದಲ್ಲೇ ನೋಡಬೇಕು. ನಮ್ಮ ಐದು ಜನಕ್ಕೆ ರೊಟ್ಟಿ ಅಂದರೆ ನನಗೆ ದಿನಕ್ಕೆ ಒಂದೂಕಾಲು ತಾಸು. ಲಗ್ನದ ಸೀಸನ್‌ನಲ್ಲಿ ಆ ಹೊತ್ತಿಗೆ ಒಂದು ಬ್ಲೌಸ್ ಹೊಲಿದರೆ ರೊಟ್ಟಿಯ ದುಡ್ಡಿಗಿಂತ ಜಾಸ್ತಿ ಬರುತ್ತೆ. ಆಗ ಖಡಕ್ ರೊಟ್ಟಿ ತರಿಸುತ್ತೇನೆ. ನಮ್ಮ ಜಿಲ್ಲೆಯ ಸ್ವಸಹಾಯ ಸಂಘಗಳ ಹೆಣ್ಣುಮಕ್ಕಳು ‘ಕಲಬುರಗಿ ರೊಟ್ಟಿ’ ಅನ್ನುವ ಹೆಸರಿನಲ್ಲಿ ಮಾಡಿ ಮಾರುತ್ತಾರೆ. ಆ ದುಡ್ಡು ಇನ್ನೊಂದು ಮನೆಯ ಒಲೆಗೆ ಹೋಗುತ್ತೆ ಅನ್ನುವ ಸಮಾಧಾನವೂ ಇದೆ. ಕೆಲಸ ಕಮ್ಮಿ ಇರುವ ತಿಂಗಳಲ್ಲಿ ನಾನೇ ಬಡಿಯುತ್ತೇನೆ. ಬಿಸಿ ರೊಟ್ಟಿಗೆ ಶೇಂಗಾ ಹಿಂಡಿ, ಮೊಸರು ಹಾಕಿಕೊಂಡು ಎಲ್ಲರೂ ಒಟ್ಟಿಗೆ ಕೂತು ಉಣ್ಣುವ ರವಿವಾರಕ್ಕೆ ಬೆಲೆ ಕಟ್ಟಲು ನನಗೆ ಬರುವುದಿಲ್ಲ.

ಇನ್ನು ಅಡುಗೆಮನೆ ರಿಪೇರಿ. ಮಾಡ್ಯುಲರ್ ಕಿಚನ್‌ನವರು 1.6 ಲಕ್ಷ ಹೇಳಿದರು, ಕಂತಿನಲ್ಲಿ ಕೊಡಿ ಅಂದರು. ನೋಡಲು ಚಂದ ಇದೆ. ಅದರೊಳಗೆ ಇರುವುದು ಎಂಥ ಹಲಗೆ ಅಂತ ಕೇಳಿ. ಮರದ ಪುಡಿ ಒತ್ತಿ ಮಾಡಿದ ಅಗ್ಗದ ಹಲಗೆ ನೀರು ತಾಗಿದ ಕಡೆ ಉಬ್ಬುತ್ತೆ. ಕಡಪಾ ಕಲ್ಲಿನ ಅಡ್ಡೆಗಳು, ಸ್ಟೀಲ್ ರ‍್ಯಾಕ್, ಮುಂದೆ ಬೇಕಾದರೆ ಬಾಗಿಲು, ಇಷ್ಟರಲ್ಲಿ ಅದೇ ಕೆಲಸ ಕಾಲು ಭಾಗದ ದುಡ್ಡಿಗೆ ಆಗುತ್ತೆ.

ನನಗೆ ಬೇಕಿದ್ದದ್ದು ಅದೂ ಅಲ್ಲ. ಕಟ್ಟೆಯ ಎತ್ತರ. ನಮ್ಮ ಕಟ್ಟೆ 34 ಇಂಚು. ನಾನು ಐದಡಿ ಇದ್ದೇನೆ. ತರಕಾರಿ ಹೆಚ್ಚಲು ಪರವಾಗಿಲ್ಲ, ಆದರೆ ರೊಟ್ಟಿ ಬಡಿಯುವಾಗ ಕೈ ಮೇಲಿಂದ ಬೀಳಬೇಕು. ಕಟ್ಟೆ ಎತ್ತರ ಇದ್ದರೆ ಭುಜ ಎತ್ತಿಯೇ ಬಡಿಯಬೇಕಾಗುತ್ತೆ. ವರ್ಷಗಟ್ಟಲೆ ಹಾಗೆ ಮಾಡಿ ನನ್ನ ಬಲ ಭುಜ ಈಗ ರಾತ್ರಿ ನೋಯುತ್ತೆ. ಒಲೆಯ ಪಕ್ಕ ಎರಡೂವರೆ ಅಡಿ ಅಗಲದ ಜಾಗ ಮಾತ್ರ 28 ಇಂಚಿಗೆ ಇಳಿಸಿ, ಒಲೆಯನ್ನೂ ಅಲ್ಲೇ ಕೆಳಗೆ ಕೂರಿಸಲು ಮೇಸ್ತ್ರಿ 14,000 ಹೇಳಿದ್ದಾನೆ. ಹೊಸ ಮನೆ ಕಟ್ಟಿಸುವವರು ದಯವಿಟ್ಟು ಇದನ್ನು ಕೇಳಿಸಿಕೊಳ್ಳಿ: ಕಟ್ಟೆ ಹಾಕುವ ದಿನ ರೊಟ್ಟಿ ಬಡಿಯುವವರನ್ನು ಅಲ್ಲಿ ನಿಲ್ಲಿಸಿ ಅಳತೆ ತೆಗೆದುಕೊಳ್ಳಿ. ಆಗ ಒಂದು ರೂಪಾಯಿ ಜಾಸ್ತಿ ಖರ್ಚಾಗುವುದಿಲ್ಲ.

ಸಾಲ ತೀರಿಸುವುದೋ, ಹೂಡುವುದೋ

ಕೈಸಾಲ, ಪರ್ಸನಲ್ ಲೋನ್, ಕ್ರೆಡಿಟ್ ಕಾರ್ಡ್ ಬಾಕಿ ಇದ್ದರೆ ಹೋಲಿಕೆಯೇ ಬೇಡ. ಮೊದಲು ಅದನ್ನು ತೀರಿಸಿ.

ಮನೆ ಸಾಲದ್ದು ಸ್ವಲ್ಪ ಯೋಚಿಸುವ ವಿಷಯ. ಶೇ 8.5ಕ್ಕೆ 20 ವರ್ಷಕ್ಕೆ 15 ಲಕ್ಷ ತೆಗೆದರೆ ಕಂತು ಸುಮಾರು 13,000. ವರ್ಷಕ್ಕೆ ಒಂದೇ ಒಂದು ಕಂತು ಜಾಸ್ತಿ ಕಟ್ಟುತ್ತಾ ಹೋದರೆ 20 ವರ್ಷದ ಸಾಲ 17 ವರ್ಷದೊಳಗೇ ಮುಗಿಯುತ್ತೆ. ಬಡ್ಡಿ ಬದಲಾಗುವ ಮನೆ ಸಾಲಕ್ಕೆ ಹೀಗೆ ಮುಂಚಿತವಾಗಿ ಕಟ್ಟಿದರೆ ದಂಡ ಹಾಕುವಂತಿಲ್ಲ ಅಂತ ರಿಸರ್ವ್ ಬ್ಯಾಂಕ್ ನಿಯಮವೇ ಇದೆ. ಹೊಸ ತೆರಿಗೆ ಪದ್ಧತಿಯಲ್ಲಿ ನಾವೇ ವಾಸವಿರುವ ಮನೆಯ ಬಡ್ಡಿಗೆ ವಿನಾಯಿತಿಯೂ ಇಲ್ಲ. ಹಾಗಾಗಿ “ತೆರಿಗೆ ಉಳಿಯುತ್ತೆ, ಸಾಲ ಇರಲಿ ಬಿಡಿ” ಅನ್ನುವ ಹಳೆಯ ಮಾತು ಈಗ ಬಹಳ ಮನೆಗಳಿಗೆ ಹೊಂದುವುದಿಲ್ಲ. ಫಂಡಿನ ಶೇ 12 ಬಂದರೆ ಬಂತು. ಸಾಲದ ಶೇ 8.5 ಉಳಿಯುವುದಂತೂ ಖಚಿತ. ನಾನು ಸುಗ್ಗಿಯ ದುಡ್ಡು ಮನೆ ಕೆಲಸಕ್ಕೆ ಮತ್ತು ಸಾಲಕ್ಕೆ, ತಿಂಗಳ ದುಡ್ಡು ಎಸ್‌ಐಪಿಗೆ ಅಂತ ಭಾಗ ಮಾಡಿಕೊಂಡಿದ್ದೇನೆ. ವರ್ಷಕ್ಕೊಮ್ಮೆ ಬರುವ ಗಂಟು ವರ್ಷಕ್ಕೊಮ್ಮೆಯ ಕೆಲಸಕ್ಕೆ. ತಿಂಗಳು ತಿಂಗಳು ಬರುವುದು ತಿಂಗಳ ಕೆಲಸಕ್ಕೆ. ಹೀಗೆ ಮಾಡಿದ ಮೇಲೆ ನಮ್ಮಿಬ್ಬರ ನಡುವೆ ದುಡ್ಡಿನ ಜಗಳ ನಿಜವಾಗಿಯೂ ಕಮ್ಮಿಯಾಗಿದೆ.

ಚಿನ್ನದ ಬಗ್ಗೆ ಸ್ವಲ್ಪವೇ ಹೇಳುತ್ತೇನೆ. ಒಡವೆ ಕೊಂಡರೆ ಮಜೂರಿ ಮತ್ತು ಶೇ 3ರ ಜಿಎಸ್‌ಟಿ ಅವತ್ತೇ ಹೋದ ಹಾಗೆ. ಅದು ಮಗಳಿಗೆ, ಹಬ್ಬಕ್ಕೆ. ಹೂಡಿಕೆ ಅಂತ ಹೆಸರಿಡಬೇಡಿ. ಕೊಳ್ಳುವಾಗ ಆರು ಅಕ್ಷರ ಅಂಕಿಗಳ ಹಾಲ್‌ಮಾರ್ಕ್ ಗುರುತು ನೋಡಿಯೇ ಕೊಳ್ಳಿ.

ನಮ್ಮ 90,000 ಹೋದ ದಾರಿ

ಮೂರು ತಿಂಗಳ ಖರ್ಚಿಗೆ ಆಗುವಷ್ಟು ಎಫ್‌ಡಿ ಮೊದಲೇ ಇತ್ತು. ಇಲ್ಲದಿದ್ದರೆ ಪೂರ್ತಿ 90,000 ಅದಕ್ಕೇ ಇಡುತ್ತಿದ್ದೆ. ಒಂದು ರವಿವಾರ ಸಂಜೆ ನಾವಿಬ್ಬರೂ, ಅತ್ತೆ ಮಾವನವರೂ ಸೇರಿ ಕೂತೆವು. “ಎಲ್ಲಾ ಮನೀಗೇ ಹಾಕಿದ್ರ ಕೂಡಿಡೋದು ಯಾವಾಗ?” ಅಂತ ಮನೆಯವರು ಕೇಳಿದರು. “ರೀ, ಎಸ್‌ಐಪಿ ನಿಲ್ಲಸೋದಿಲ್ಲ, ಅದು ಸಂಬಳದಾಗ ನಡೀತದ” ಅಂದೆ. ಫ್ಯಾನಿನ ಲೆಕ್ಕ ಬರೆದು ತೋರಿಸಿದೆ. ಅದನ್ನು ಅವರು ಎರಡು ಸಲ ಕೂಡಿಸಿ ಕಳೆದು ನೋಡಿದರು, ಆಮೇಲೆ ಒಪ್ಪಿದರು.

ಬಿರುಕು ತುಂಬಿಸಿ ಮಾಳಿಗೆಗೆ ಬಿಳಿ ಪೇಂಟ್ ಹೊಡೆಸಲು 26,000. ನಾಲ್ಕು ಫ್ಯಾನಿಗೆ 12,000. ಕಟ್ಟೆಗೆ 14,000. ವರ್ಷದ ಜೋಳ, ಖಾರಕ್ಕೆ ಮೆಣಸಿನಕಾಯಿ ಸೇರಿ 13,000. ಉಳಿದ 25,000 ಮನೆ ಸಾಲದ ಅಸಲಿಗೆ. ಎಸಿ ಇಲ್ಲ. ಮಗಳು ಮುಖ ಸಣ್ಣದು ಮಾಡಿಕೊಂಡಳು. ಅವಳ ಕೋಣೆಗೇ ಮೊದಲ ಫ್ಯಾನ್ ಹಾಕಿಸಿದೆವು.

ಅವತ್ತೇ ಇನ್ನೊಂದು ಕೆಲಸ ಮುಗಿಸಿದೆವು. ಯಾವ ಖಾತೆ ಎಲ್ಲಿದೆ, ನಾಮಿನಿ ಯಾರು ಅಂತ ಒಂದು ವಹಿಯಲ್ಲಿ ಬರೆದು, ಅದನ್ನು ಎಲ್ಲಿ ಇಟ್ಟಿದ್ದೇವೆ ಅಂತ ಇಬ್ಬರೂ ನೋಡಿಕೊಂಡೆವು. ಎರಡು ಖಾತೆಗಳಲ್ಲಿ ನಾಮಿನಿಯ ಹೆಸರೇ ಇರಲಿಲ್ಲ. ಸೋಮವಾರ ಮನೆಯವರು ಬ್ಯಾಂಕಿಗೆ ಹೋಗಿ ಬರೆಸಿ ಬಂದರು.

ಮಾಳಿಗೆ ಕೆಲಸ ಫೆಬ್ರವರಿ ಕೊನೆಗೆ ಮುಗಿಯಿತು. ಪೇಂಟ್ ಒಣಗಿದ ಸಂಜೆ ಅತ್ತೆ ಮೆಲ್ಲಗೆ ಮೆಟ್ಟಿಲು ಹತ್ತಿ ಬಂದು, ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಆ ಬಿಳಿ ನೆಲದ ಮೇಲೆ ನಿಂತರು. “ತಣ್ಣಗ ಅದ” ಅಂದರು. ಕಟ್ಟೆ ಒಡೆಯಲು ಮೇಸ್ತ್ರಿ ಮುಂದಿನ ವಾರ ಬರುತ್ತಾನೆ. ಅಲ್ಲಿಯ ತನಕ ರೊಟ್ಟಿಯನ್ನು ನೆಲದ ಮೇಲೆ ಕೂತೇ ಬಡಿಯುತ್ತಿದ್ದೇನೆ.